ಮಾವ ನನ್ನನ್ನು ಕಾಯ್ದೆ ಕಲಿಯಲು ಹಾಕಿದ್ದು

ಹೋದ ವಾರ ಬಾಜೂ ಮನೆಯ ಹುಡುಗಿ ಕಾನೂನು ಕಾಲೇಜಿನ ಮಾಹಿತಿ ಪುಸ್ತಕ ತಂದು ನನ್ನ ಮಡಿಲಲ್ಲಿಟ್ಟಳು. ನುಣುಪು ಹಾಳೆ, ಬಣ್ಣದ ಚಿತ್ರ. ಮೂರು ವರ್ಷದ ಕೋರ್ಸು, ಐದು ವರ್ಷದ ಕೋರ್ಸು, ಯಾವುದಕ್ಕೆ ಎಷ್ಟು ಫೀ, ಅರ್ಜಿಗೆ ಏನೇನು ಹಚ್ಚಬೇಕು, ಎಲ್ಲ ಅಚ್ಚಾಗಿತ್ತು. "ಅಜ್ಜಿ, ನಾ ಯಾವುದಕ್ಕ ಹೋಗ್ಲಿ?" ಎಂದಳು. ಹೊಸ ಶಾಯಿಯ ವಾಸನೆ ಮೂಗಿಗೆ ಬಡಿಯಿತು. ಮಾವನವರು ನೆನಪಾದರು…

ನಮ್ಮ ಮಾವ ಗೋಕಾಕದಲ್ಲಿ ಬೆಲ್ಲದ ವ್ಯಾಪಾರಿ. ತುಕ್ಕಾನಟ್ಟಿಯಲ್ಲಿ ಹೊಲವಿತ್ತು. ಮಾತು ಕಡಿಮೆ. ಅಂಗಡಿಯಲ್ಲಿ ಮರಾಠಿ, ಬಸದಿಯಲ್ಲಿ ಮೌನ, ಮನೆಯಲ್ಲಿ ಬೇಕಾದಷ್ಟೇ ಕನ್ನಡ. ಅತ್ತೆ ಮೊದಲೇ ತೀರಿಕೊಂಡಿದ್ದರು. ಒಬ್ಬನೇ ಮಗ, ಬಿ.ಎ. ಮುಗಿಸಿ ವಕೀಲನಾಗಬೇಕೆಂದಿದ್ದ. ಹುಕ್ಕೇರಿಯ ಮಾಸ್ತರರ ಮಗಳಾದ ನಾನೂ ಬಿ.ಎ. ಆಗಿದ್ದೇನೆಂದು ತಿಳಿದು, ಹಟ ಹಿಡಿದು ನನ್ನನ್ನು ಮದುವೆಯಾದ. ಮರುವರ್ಷವೇ ವಿಷಮಜ್ವರ ಬಂದು ಹೋಗಿಬಿಟ್ಟ. ಅವನು ಕಾಯ್ದೆ ಕಾಲೇಜಿನ ಮೆಟ್ಟಿಲನ್ನೇ ತುಳಿಯಲಿಲ್ಲ.

ಅಪ್ಪ ನನ್ನನ್ನು ಹುಕ್ಕೇರಿಗೆ ಕರೆದೊಯ್ಯಲು ಬಂದ ದಿನ ಮಾವ ಅಂಗಡಿಯಿಂದ ಬೇಗ ಬಂದರು. ನಾನು ಅರಿವೆ ಗಂಟು ಕಟ್ಟುತ್ತಿದ್ದೆ. ಬಾಗಿಲಲ್ಲಿ ನಿಂತು, "ಯವ್ವಾ, ನಾಳೆ ಬೆಳಗಾಂವಿಗೆ ಹೋಗೂದೈತಿ. ನಿನ್ನ ಬಿ.ಎ. ಕಾಗದ ತಗೊ," ಎಂದರು. ಅಪ್ಪ ನನ್ನ ಮುಖ ನೋಡಿದರು, ನಾನು ಅಪ್ಪನ ಮುಖ ನೋಡಿದೆ. ಗಂಟು ಬಿಚ್ಚಿ ಕಾಗದ ಹೊರತೆಗೆದೆ.

ಗೋಕಾಕ ರೋಡ್ ಸ್ಟೇಶನ್ನಿನಿಂದ ರೈಲು ಹತ್ತಿದೆವು. ಬೆಳಗಾವಿಯಲ್ಲಿ ಟಾಂಗಾ ಕಾಯ್ದೆ ಕಾಲೇಜಿನ ಮುಂದೆ ನಿಂತಾಗಲೇ ನನಗೆ ವಿಷಯ ಗೊತ್ತಾದದ್ದು. ಕಚೇರಿಯ ಕಾರಕೂನ ನಮ್ಮಿಬ್ಬರನ್ನೂ ನೋಡಿ, "ವಿದ್ಯಾರ್ಥಿ ಹೆಸರು ಹೇಳ್ರಿ," ಎಂದ. ಮಾವ ಥಟ್ಟನೆ ಹೇಳಿದರು, ತಮ್ಮ ಮಗನ ಹೆಸರನ್ನು. ಕಾರಕೂನ ಬರೆಯಲು ಹೊರಟ. ಮಾವ ಕೈ ಅಡ್ಡ ಹಿಡಿದರು. ನಾನೇ ನನ್ನ ಹೆಸರು ಹೇಳಿದೆ.

"ಹೆಣ್ಣಮಗಳು ಏನ್ರಿ?" ಎಂದು ಕಾರಕೂನ ಗಾಬರಿಯಾದ. ಒಳಗೆ ಹೋಗಿ ಪ್ರಿನ್ಸಿಪಾಲರನ್ನು ಕೇಳಿಕೊಂಡು ಬಂದ. ಕೂಡದೆಂಬ ನಿಯಮವಿಲ್ಲವಂತೆ. ಎರಡು ವರ್ಷದ ಓದು, ಎರಡು ಪರೀಕ್ಷೆ ಎಂದು ವಿವರಿಸಿ, ವಿಷಯಗಳನ್ನು ಓದಿ ಹೇಳಿದ: ಕರಾರು ಕಾಯ್ದೆ, ಹಿಂದೂ ಕಾಯ್ದೆ, ರೋಮನ್ ಕಾಯ್ದೆ…

"ರೋಮ್ ಎಲ್ಲಿ ಬರ್ತೈತ್ರಿ?" ಎಂದು ಮಾವ ಕೇಳಿದರು.

"ಸಮುದ್ರದಾಚೆ."

"ಅವರ ಕಾಯ್ದೆ ಗೋಕಾಕದಾಗ ಏನ್ ಮಾಡೂದು?"

ಮಾವ ಫೀ ಕಟ್ಟಿ, ರಸೀದಿಯನ್ನು ಟೊಪ್ಪಿಗೆಯೊಳಗೆ ಇಟ್ಟುಕೊಂಡು ಹೊರಬಂದರು.

ಊರಲ್ಲಿ ಬಾಯಿಗೆ ಬಂದಂತೆ ಆಡಿಕೊಂಡರು. ಮಗ ಹೋದ ದುಃಖಕ್ಕೆ ಮುದುಕನ ತಲೆ ಕೆಟ್ಟಿದೆ ಎಂದರು ಕೆಲವರು. ಮನೆಯಲ್ಲೇ ವಕೀಲೆಯಿದ್ದರೆ ವ್ಯಾಜ್ಯಕ್ಕೆ ಖರ್ಚಿಲ್ಲ ಎಂದು ಲೆಕ್ಕ ಹಾಕಿದ್ದಾನೆ ಎಂದರು ಇನ್ನು ಕೆಲವರು. ನಾನು ಬೆಳಗಾವಿಯ ಸೋದರತ್ತೆಯ ಮನೆಯಲ್ಲಿದ್ದು ಓದಿದೆ. ತರಗತಿಯಲ್ಲಿ ನಾನೊಬ್ಬಳೇ ಹೆಂಗಸು. ಕಾಲೇಜಿಗೆ ಸೂಟಿ ಬಿಟ್ಟು ಊರಿಗೆ ಬಂದಾಗ ಮಾವ ಓದಿನ ಬಗ್ಗೆ ಒಂದು ಮಾತೂ ಕೇಳುತ್ತಿರಲಿಲ್ಲ. ಮಗನ ಸ್ಥಾನದಲ್ಲಿ ನನ್ನನ್ನು ಕಂಡರೋ, ಮಗನ ಕನಸನ್ನು ನನ್ನ ತಲೆಗೆ ಕಟ್ಟಿದರೋ, ತಿಳಿಯದೆ ಒದ್ದಾಡುತ್ತಿದ್ದೆ.

ಪಾಸಾಗಿ, ವಕೀಲಿಯ ಸನದು ಬಂದು, ಗೋಕಾಕ ಕೋರ್ಟಿಗೆ ಹೋಗತೊಡಗಿದೆ. ಮಾವ ತಮ್ಮ ಕೆಲಸಗಳಿಗೆ ಹಳೆಯ ವಕೀಲರನ್ನೇ ಇಟ್ಟುಕೊಂಡರು. ನನಗೆ ಒಂದು ಕಾಗದವನ್ನೂ ಕೊಡಲಿಲ್ಲ. ಅದು ಚುಚ್ಚಿತು.

ಅಷ್ಟರಲ್ಲಿ ಮೂಡಲಗಿಯಲ್ಲಿದ್ದ ಅವರ ತಮ್ಮ ಬಂದು, ತನ್ನ ಮಗನನ್ನು ದತ್ತಕ ತಗೊಳ್ಳಬೇಕೆಂದು ಪಟ್ಟು ಹಿಡಿದರು. ವಂಶ ಉಳಿಯಬೇಕು, ಆಸ್ತಿ ಹೊರಗೆ ಹೋಗಬಾರದು ಎಂಬ ವಾದ. ಮಾವ ಒಪ್ಪಿಬಿಟ್ಟರು. ತೀರಿಕೊಂಡ ಗಂಡನ ಪಾಲು ಹೆಂಡತಿಗೆ ಬರಬೇಕೆಂಬ ಹೊಸ ಕಾಯ್ದೆ ಆಗಿ ಇನ್ನೂ ಬಹಳ ವರ್ಷವಾಗಿರಲಿಲ್ಲ. ಊಟಕ್ಕೆ ಬಡಿಸುತ್ತ, "ಮಾವನವರ, ಇದರಾಗ ನನ್ನದೇನು?" ಎಂದು ಕೇಳಿದೆ.

ಅವರು ತಲೆ ಎತ್ತಲಿಲ್ಲ. "ನನಗೇನ್ ಕೇಳ್ತಿ? ಕಾಯ್ದೆ ಓದಿಲ್ಲೇನು? ಕೋರ್ಟಿಗೆ ಹೋಗು," ಎಂದರು. ಎದ್ದು ಕೈ ತೊಳೆದು ಅಂಗಡಿಗೆ ಹೋದರು.

ಸಿಟ್ಟಿನ ಮಾತೋ, ಹಾದಿ ತೋರಿಸಿದ ಮಾತೋ… ಆ ದನಿಯನ್ನು ಎಷ್ಟು ಸಲ ಕಿವಿಯಲ್ಲಿ ತಿರುಗಿಸಿದ್ದೇನೋ! ಕೊನೆಗೆ ದಾವಾ ಹಾಕಿದೆ. ನನ್ನ ಪರ ನಾನೇ ನಿಂತೆ. ಸೊಸೆಗೆ ಯಾವ ಹಕ್ಕೂ ಇಲ್ಲವೆಂದು ಮಾವ ತಮ್ಮ ವಕೀಲರಿಂದ ಬರೆಸಿ ಹಾಕಿದರು. ಒಂದೇ ಮನೆಯಿಂದ ಕೋರ್ಟಿಗೆ ಹೊರಡುತ್ತಿದ್ದೆವು, ಅವರು ಮುಂದೆ, ನಾನು ಹಿಂದೆ. ಸಂಜೆ ನಾನು ಮಾಡಿದ ರೊಟ್ಟಿಯನ್ನೇ ಉಣ್ಣುತ್ತಿದ್ದರು. "ಪಲ್ಯಾಕ ಉಪ್ಪು ಕಡಿಮಿ ಆಗೇತಿ," ಎಂದು ಎಂದಿನಂತೆಯೇ ಹೇಳುತ್ತಿದ್ದರು.

ಅವರು ಸಾಕ್ಷಿ ಹೇಳಲು ನಿಂತ ದಿನ ನಾನೇ ಅವರನ್ನು ಪ್ರಶ್ನಿಸಬೇಕಾಯಿತು. ಹೊಲ, ಅಂಗಡಿ, ಹಿರಿಯರ ಆಸ್ತಿ ಎಲ್ಲ ಕೇಳಿದೆ. ಕೇಳಿದ್ದಕ್ಕಷ್ಟೇ ಉತ್ತರ. ಮುಗಿಸಿ ಕೂಡಬೇಕು, ಆಗ ನನಗೇ ತಿಳಿಯದಂತೆ ಬಾಯಿಂದ ಬಂದುಬಿಟ್ಟಿತು: "ನನ್ನನ್ನ ಕಾಯ್ದೆ ಕಾಲೇಜಿಗೆ ಯಾಕ ಹಾಕಿದ್ರಿ?"

ಅವರ ವಕೀಲರು ಜಿಗಿದೆದ್ದು, ಈ ಪ್ರಶ್ನೆಗೂ ದಾವೆಗೂ ಸಂಬಂಧವಿಲ್ಲ ಎಂದರು. ನ್ಯಾಯಾಧೀಶರು ಹೌದೆಂದು ತಲೆಯಾಡಿಸಿದರು. ಮಾವ ಹೇಳಲೆಂದು ಬಾಯಿ ತೆರೆದಿದ್ದರು. ಮುಚ್ಚಿಕೊಂಡರು.

ತೀರ್ಪು ನನ್ನ ಕಡೆ ಆಯಿತು. ತುಕ್ಕಾನಟ್ಟಿಯ ಹೊಲ ನನ್ನ ಪಾಲಿಗೆ ಬಂತು. ಮಾವ ಮೇಲಿನ ಕೋರ್ಟಿಗೆ ಹೋಗಲಿಲ್ಲ. ಮೂಡಲಗಿಯ ತಮ್ಮ ಎಷ್ಟು ಒತ್ತಾಯಿಸಿದರೂ ಹೋಗಲಿಲ್ಲ. ಆದರೆ ಅಂದಿನಿಂದ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವುದನ್ನು ಬಿಟ್ಟರು. ಅಂಗಡಿಯಲ್ಲೇ ಚುರುಮುರಿ ತಿಂದು ಕೂಡುತ್ತಿದ್ದರು. ಸೋತ ಸಿಟ್ಟೋ, ನನ್ನ ಮುಖ ನೋಡಲಾಗದ ಸಂಕೋಚವೋ… ಮುಂದಿನ ಬೇಸಿಗೆಯಲ್ಲಿ ಅಂಗಡಿಯ ಗಾದಿಯ ಮೇಲೆಯೇ ಕುಸಿದರು. ಮನೆಗೆ ತರುವಷ್ಟರಲ್ಲಿ ಮಾತು ನಿಂತಿತ್ತು.

ಅವರು ಹೋದ ಮೇಲೆ ಮೂಡಲಗಿಯವರು ದತ್ತಕದ ಹಕ್ಕು ಹೇಳಿ ಬಂದು ಮನೆ, ಅಂಗಡಿ ಎಲ್ಲ ವಶ ಮಾಡಿಕೊಂಡರು. ಹೊಲ ಮಾತ್ರ ಅವರಿಗೆ ಮುಟ್ಟಲಾಗಲಿಲ್ಲ. ಮಾವ ಪ್ರೀತಿಯಿಂದ ಬರೆದುಕೊಟ್ಟಿದ್ದರೆ ಅವರು ಹಿರಿಯರ ಆಸ್ತಿಯೆಂದು ತಕರಾರು ಹಾಕಿ ಅದನ್ನು ಒಂದೇ ದಿನದಲ್ಲಿ ಮುರಿಯುತ್ತಿದ್ದರು ಎಂದು ಒಬ್ಬ ಹಿರಿಯ ವಕೀಲರು ನನಗೆ ಹೇಳಿದರು. ಮಾವನೇ ಎದುರು ನಿಂತು ಸೋತ ಮೇಲೆ ಕೋರ್ಟಿನ ತೀರ್ಪನ್ನು ಮುರಿಯುವುದು ಕಷ್ಟವಂತೆ. ಇದು ಮಾವನಿಗೆ ಮೊದಲೇ ಗೊತ್ತಿತ್ತೇ? ಇಲ್ಲಾ ಖರೆಯಾಗಿಯೇ ನನ್ನ ವಿರುದ್ಧ ನಿಂತಿದ್ದರೇ? ಇಷ್ಟು ವರ್ಷ ಕೋರ್ಟಿನಲ್ಲಿ ಕಳೆದೆ. ನಿರ್ಣಯಕ್ಕೆ ಬರಲಾಗಿಲ್ಲ.

ಮೊನ್ನೆ ತುಕ್ಕಾನಟ್ಟಿಗೆ ಹೋಗಿದ್ದೆ. ಬಸ್ಸಿಳಿದಲ್ಲಿ ಒಬ್ಬ ಹುಡುಗ ತನ್ನ ಗೆಳೆಯನಿಗೆ ನನ್ನ ಹೊಲದ ಕಡೆ ಕೈಮಾಡಿ, "ಅದು ಬೆಲ್ಲದ ಸಾವಕಾರರ ಹೊಲ," ಎನ್ನುತ್ತಿದ್ದ. ಕಾಗದದ ಮೇಲೆ ಅದು ನನ್ನದಾಗಿ ಒಂದು ಆಯುಷ್ಯವೇ ಕಳೆದಿದೆ. ತಿದ್ದಲು ಮನಸ್ಸಾಗಲಿಲ್ಲ. ಅವರನ್ನು ನೆನೆಯಲು ಊರಲ್ಲಿ ಇನ್ನೇನೂ ಉಳಿದಿಲ್ಲ.