ಎದುರಿಗೆ ದೊಡ್ಡೋರು

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಯಾರೋ ಕಪ್ಪು ದ್ರಾಕ್ಷಿ ತೆಗೆದುಕೊಂಡು ಹೋಗಿದ್ದರು. ನಾನು ಹತ್ತುವ ಹೊತ್ತಿಗೆ ದ್ರಾಕ್ಷಿಯೂ ಇರಲಿಲ್ಲ, ಒಯ್ದವರೂ ಇರಲಿಲ್ಲ, ವಾಸನೆ ಮಾತ್ರ ಉಳಿದಿತ್ತು. ಅಂಗಡಿಯಲ್ಲಿ ಡಬ್ಬಿ ತುಂಬಿ ಮಾರುವ ಬೀಜವಿಲ್ಲದ ದ್ರಾಕ್ಷಿಗೆ ಈ ವಾಸನೆ ಬರುವುದಿಲ್ಲ. ಇದು ಆನೇಕಲ್ ಕಡೆಯ ಚಪ್ಪರದ ದ್ರಾಕ್ಷಿ. ದಪ್ಪ ಸಿಪ್ಪೆ, ಬಾಯಿ ತುಂಬ ಬೀಜ, ಸಿಹಿಯ ಹಿಂದೆ ಸ್ವಲ್ಪ ಹೆಂಡದ ಘಾಟು. ನಾನು ಐದನೇ ಮಹಡಿಯವನು. ಬೆರಳು ಮಾತ್ರ ತನ್ನ ಪಾಡಿಗೆ ತಾನು ಮೂರನ್ನು ಒತ್ತಿಬಿಟ್ಟಿತ್ತು. ಬಾಗಿಲು ತೆರೆದಾಗ ಎದುರು ಮನೆಯ ಮುಂದೆ ಯಾವುದೋ ಹೊಸ ಸಂಸಾರದ ಚಪ್ಪಲಿಗಳಿದ್ದವು... ಬಾಗಿಲು ಮತ್ತೆ ಮುಚ್ಚುವವರೆಗೂ ನೋಡುತ್ತ ನಿಂತೆ.

ಆ ಮನೆಯಲ್ಲಿ ಅಕ್ಕ ಇದ್ದರು.

ಧಾರವಾಡದ ಕಡೆಯವರು. ಬೊಮ್ಮಸಂದ್ರದ ಒಂದು ಔಷಧ ಕಾರ್ಖಾನೆಯಲ್ಲಿ ದೊಡ್ಡ ಕೆಲಸ. ವಯಸ್ಸು ಐವತ್ತು ದಾಟಿತ್ತು. ಭಾನುವಾರ ಬೆಳಕು ಹರಿಯುವ ಮುಂಚೆ ಹಣೆಗೆ ವಿಭೂತಿ, ಅದರ ಮೇಲೆ ಹೆಲ್ಮೆಟ್ಟು, ಕಾಲಿಗೆ ಟಕಟಕ ಎನ್ನುವ ಸೈಕಲ್ ಶೂ ಹಾಕಿಕೊಂಡು ಇಳಿದು ಬರುತ್ತಿದ್ದರು. ಸೈಕಲ್ಲು ಎಂದರೆ ಬಾಗಿದ ಹ್ಯಾಂಡಲ್ಲಿನ, ಒಂದೇ ಕೈಯಲ್ಲಿ ಎತ್ತಬಹುದಾದ, ನನ್ನ ಬೈಕಿಗಿಂತ ಬೆಲೆ ಬಾಳುವ ಸೈಕಲ್ಲು. ಸೆಕ್ಯುರಿಟಿಯವರು ಗೇಟು ತೆಗೆದು ಸಲ್ಯೂಟ್ ಹೊಡೆಯುತ್ತಿದ್ದರು. ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರ ಕಾರಿಗೂ ಅವರು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಕಂಡಿಲ್ಲ.

ನನ್ನನ್ನು ಆ ಹುಚ್ಚಿಗೆ ಎಳೆದವರು ಅವರೇ. ಒಂದು ದಿನ ಲಿಫ್ಟಿನಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ಏ ತಮ್ಮಾ, ಕುರ್ಚ್ಯಾಗ ಕುಂತ ಕುಂತ ಹೊಟ್ಟಿ ಕುಂಬಳಕಾಯಿ ಆಗೇತಿ. ಐತವಾರ ನನ್ನ ಕೂಡ ಬಾ."

ಹೋದೆ. ಚಂದಾಪುರದ ಲಾರಿ ಹೊಗೆ ದಾಟಿ, ಆನೇಕಲ್ಲೂ ಹಿಂದಾದ ಮೇಲೆ ರಸ್ತೆ ಒಂದು ಹೊಳೆಯ ಕಣಿವೆಗೆ ಇಳಿಯುತ್ತಿತ್ತು. ಬಲಕ್ಕೆ ಹೊಳೆ, ಅದರಾಚೆ ಕಾಡು. ಎಡಕ್ಕೆ ಕಲ್ಲುಕಂಬಗಳ ಮೇಲೆ ತಂತಿ ಬಿಗಿದು ಹಬ್ಬಿಸಿದ ದ್ರಾಕ್ಷಿ ಚಪ್ಪರಗಳು. ನಾನು ಹುಟ್ಟಿದ್ದು ಬೇಗೂರಿನಲ್ಲಿ. ನಮ್ಮ ರಾಗಿ ಹೊಲ ಬಾಡಿಗೆ ಮನೆಗಳಾದದ್ದನ್ನು ಕಣ್ಣಾರೆ ಕಂಡವನು. ನಮ್ಮ ಮನೆಯಿಂದ ಇಷ್ಟು ಹತ್ತಿರ ಇಂಥ ಜಾಗ ಉಳಿದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕಣಿವೆಯ ನಡುವೆ ಒಂದು ಕಡಿದಾದ ತಿರುವು, ಅಲ್ಲೊಂದು ಮುದಿ ಹುಣಸೆಮರ. ಅದನ್ನು ದಾಟಿದರೆ ಉದ್ದನೆಯ ಇಳಿಜಾರು. ಅಕ್ಕ ತುಳಿಯುವುದನ್ನು ಬಿಟ್ಟು ಸೈಕಲ್ಲನ್ನು ಹರಿಯಬಿಡುತ್ತಿದ್ದರು. ಹಿಂಚಕ್ರದ ಟಿಕಿಟಿಕಿ ಸದ್ದು ಕಣಿವೆಗೆಲ್ಲ ಕೇಳಿಸುತ್ತಿತ್ತು.

ತಿರುವಿಗೆ ಮುಂಚೆ ಒಂದು ತೋಟದ ಗೇಟಿನ ಹತ್ತಿರ ನಾವು ನೀರು ಕುಡಿಯಲು ನಿಲ್ಲುತ್ತಿದ್ದೆವು. ಆ ತೋಟದ ಒಡತಿಯನ್ನು ನಾವು ತೋಟದಮ್ಮ ಎನ್ನುತ್ತಿದ್ದೆವು. ಅಲ್ಲೇ ಒಂದು ಸಲ ಅಕ್ಕ ತಮ್ಮ ಊರಿನ ಪದ್ಧತಿ ಹೇಳಿದ್ದರು. ದೊಡ್ಡವರು ಎದುರಿಗೆ ಬಂದರೆ ಸೈಕಲ್ ಇಳಿಯಬೇಕು, ಇಳಿದು ಪಕ್ಕಕ್ಕೆ ಸರಿದು ನಿಲ್ಲಬೇಕು. ಗಂಡುಹುಡುಗರು ಒಮ್ಮೊಮ್ಮೆ ತಪ್ಪಿಸಿಕೊಳ್ಳುತ್ತಿದ್ದರಂತೆ. ಸೈಕಲ್ ಹತ್ತಿದ ಹೆಣ್ಣುಹುಡುಗಿಗೆ ಮಾತ್ರ ಆ ರಿಯಾಯಿತಿ ಇರಲಿಲ್ಲ.

"ಸಾಲಿಗೆ ಹೋಗೂವಾಗ ತುಳದದ್ದಕ್ಕಿಂತ ಇಳದದ್ದ ಭಾಳ," ಎಂದು ನಕ್ಕಿದ್ದರು. "ಬೆಂಗಳೂರ ಛಲೋ ಐತಿ. ಇಲ್ಲೆ ಯಾರ ಸಲುವಾಗಿನೂ ಇಳಿಯೂ ಕೆಲಸ ಇಲ್ಲ."

ನಗುವಿನ ಕೊನೆಗೆ ಏನೋ ಒಂದು ಬೇಸರವೂ ಇತ್ತು. ನನಗೆ ಆಗ ಅದು ಅರ್ಥವಾಗಲಿಲ್ಲ.

ಚಳಿಗಾಲ ಬಂತು. ರಾಗಿ ಕೊಯ್ಲಿನ ಹೊತ್ತು. ಆ ಭಾನುವಾರ ಕಣಿವೆಯ ತುಂಬ ಮಂಜು ಕೂತಿತ್ತು. ರಸ್ತೆಯ ಪಕ್ಕದ ಹೊಲವೊಂದರಲ್ಲಿ ರಾಗಿ ಪೈರು ಚಾಪೆ ಹಾಸಿದಂತೆ ಮಲಗಿತ್ತು. ಗಾಳಿಗೆ ಬಿದ್ದಿರಬೇಕು ಎಂದರು ಅಕ್ಕ. ಯಾರೋ ದಾಯಾದಿಗಳ ಕೆಲಸ ಎಂದೆ ನಾನು. ಬೇಗೂರಿನವನ ತಲೆಗೆ ಬೇರೇನು ಹೊಳೆದೀತು? ಪ್ರತಿ ವಾರ ನಮ್ಮನ್ನು ಅಟ್ಟಿಸಿಕೊಂಡು ಬರುತ್ತಿದ್ದ ನಾಯಿಗಳ ಸುಳಿವೂ ಇರಲಿಲ್ಲ. ಅಕ್ಕ ಒಮ್ಮೆ ತಲೆಯೆತ್ತಿ, "ಇವತ್ತ ಹಕ್ಕಿ ಯಾಕ ಕೂಗವಲ್ವು?" ಎಂದರು.

ತೋಟದ ಗೇಟಿನ ಹತ್ತಿರ ನನ್ನ ಸೈಕಲ್ಲಿನ ಚೈನು ಕಳಚಿತು. ತೋಟದಮ್ಮ ಚಪ್ಪರದ ಕೆಳಗಿಂದ ಬೇಗ ಬೇಗ ಬಂದು, ಗುಟ್ಟು ಹೇಳುವವರ ದನಿಯಲ್ಲಿ ಹೇಳಿದರು: "ಅತ್ತಾಗೆ ಓಗ್ಬ್ಯಾಡಿ. ದೊಡ್ಡೋರು ಬಂದವ್ರೆ."

ಈ ಒಂದು ಮಾತನ್ನು ನಾವಿಬ್ಬರೂ ಕೇಳಿದೆವು, ಇಬ್ಬರಿಗೂ ಬೇರೆ ಬೇರೆ ಕೇಳಿಸಿತು. ನಮ್ಮ ಬೇಗೂರಿನಲ್ಲಿ ದೊಡ್ಡೋರು ಬಂದವ್ರೆ ಎಂದರೆ ಬಿಳಿ ಕಾರಿನಲ್ಲಿ ಜಮೀನು ನೋಡಲು ಬಂದವರು, ಹಿಂದೆ ನಾಲ್ಕು ಜನ ಬೆಂಬಲಿಗರು. ಅಕ್ಕನ ಊರಿನಲ್ಲಿ ದೊಡ್ಡವರು ಎಂದರೆ ಹಿರಿಯರು, ಇಲ್ಲವೇ ಮಠದ ಸ್ವಾಮಿಗಳು. ಅಕ್ಕ ಪೆಡಲಿನ ಮೇಲೆ ಕಾಲಿಟ್ಟು ಹೇಳಿದರು: "ದೊಡ್ಡವರು ಬಂದಿದ್ರ ಒಂದು ನಮಸ್ಕಾರ ಮಾಡಿ ಹೋದ್ರಾತು. ನೀ ಚೈನ್ ಹಾಕ್ಕೊಂಡು ಬಾ." ಮಂಜು ಅವರನ್ನು ತಕ್ಷಣ ನುಂಗಿಕೊಂಡಿತು.

ನಾನು ಚೈನಿಗೆ ಕೈ ಹಾಕುತ್ತ, "ಯಾರಮ್ಮ ಬಂದಿರೋದು, ಎಮ್ಮೆಲ್ಲೆನಾ?" ಎಂದು ಕೇಳಿದೆ. ತೋಟದಮ್ಮ ಪೆದ್ದನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಬಾಯಲ್ಲಿ ಹೇಳಲಿಲ್ಲ. ತೋಳನ್ನು ಮೂಗಿನ ಮುಂದೆ ಇಳಿಬಿಟ್ಟು ನಿಧಾನವಾಗಿ ಅತ್ತಿತ್ತ ಆಡಿಸಿದರು.

ದಾಟಿ ಬಂದ ಊರಿನ ಹೆಸರಿನಲ್ಲೇ ಆನೆ ಇದ್ದರೂ ನಮಗೆ ಹೊಳೆದಿರಲಿಲ್ಲ. ಕೂಗಲು ಬಾಯಿ ತೆರೆದರೆ ತೋಟದಮ್ಮ ಭುಜ ಹಿಡಿದು ಜಗ್ಗಿದರು. "ಕೂಗ್ಬ್ಯಾಡ ಕಣಪ್ಪ. ಎಸ್ರು ಏಳ್ಬ್ಯಾಡ. ಎಸ್ರು ಏಳಿದ್ರೆ ಬತ್ತಾರೆ." ಅಕ್ಕನಿಗೆ ಫೋನ್ ಮಾಡಿದೆ. ತಮಿಳುನಾಡಿನ ಗಡಿ ಹತ್ತಿರವಾದ್ದರಿಂದ ಫೋನಿನೊಳಗೆ ರೆಕಾರ್ಡಿನ ಹೆಂಗಸು ತಮಿಳಿನಲ್ಲಿ ಏನೋ ಹೇಳಿದಳು. ಮತ್ತೆ ಮಾಡಿದೆ, ಮತ್ತೆ ಅವಳೇ. ಎಷ್ಟು ಹೊತ್ತು ನಿಂತಿದ್ದೆವೋ... ದೂರದಲ್ಲಿ ಯಾವುದೋ ಕೊಂಬೆ ಮುರಿದ ಸದ್ದು, ಆಮೇಲೆ ಏನೂ ಇಲ್ಲ.

ಕೊನೆಗೆ ಮಂಜಿನೊಳಗಿಂದ ಟಿಕಿಟಿಕಿ ಸದ್ದು ಕೇಳಿಸಿತು. ಅಕ್ಕ ಸೈಕಲ್ಲನ್ನು ತಳ್ಳಿಕೊಂಡು ನಡೆದು ಬರುತ್ತಿದ್ದರು. ಹೆದರಿದ್ದಾರೆ ಎಂದುಕೊಂಡೆ. ಮುಖ ನೋಡಿದರೆ ಹೆದರಿಕೆ ಇರಲಿಲ್ಲ, ದೇವರ ದರ್ಶನ ಮುಗಿಸಿ ಬಂದವರ ಕಳೆ ಇತ್ತು.

"ಇಳದೆ ತಮ್ಮಾ," ಎಂದರು. "ಕೈ ಮುಗದು ನಿಂತೆ. ನೋಡಿದ್ರು, ಹೋದ್ರು. ಈ ಊರಾಗ ಇಳಿಯೂವಂಥಾ ದೊಡ್ಡವರು ಯಾರೂ ಇಲ್ಲ ಅನ್ಕೊಂಡಿದ್ದೆ ನೋಡು."

ತೋಟದಮ್ಮ ಅವರಿಗೆ ನೀರು ಕೊಟ್ಟು, ಕೂರಿಸಿ, ಮೆಲ್ಲಗೆ ಗದರಿದರು. "ಒಂದ್ ಕಿತ ಬಿಟ್ಟವ್ರೆ ಅಂತ ಸಲುಗೆ ಬೆಳೆಸ್ಬ್ಯಾಡಿ ತಾಯಿ."

ಅಕ್ಕ ಸಲುಗೆ ಬೆಳೆಸಿದರು. ಅದನ್ನು ಬೇರೆ ಯಾವ ಮಾತಿನಲ್ಲಿ ಹೇಳಬೇಕೋ ನನಗೆ ತಿಳಿಯದು. ಆಮೇಲಿನ ಎಲ್ಲ ಭಾನುವಾರಗಳೂ ಅದೇ ದಾರಿ. ಗೇಟಿನ ಹತ್ತಿರ ಕಾಲು ಊರಿ, "ದೊಡ್ಡವರು ಬಂದಾರೇನವಾ?" ಎಂದು ಕೇಳುವರು. ಇಲ್ಲ ಎಂದರೆ ಅವರ ಮುಖ ಸಪ್ಪಗಾಗುತ್ತಿತ್ತು. ಬಂದು ಹೋದರು ಎಂದರೆ ಎಷ್ಟು ಜನ, ಮರಿ ಜೊತೆಗಿತ್ತೇ, ಯಾವ ಕಡೆ ಹೋದರು ಎಂದು ನೆಂಟರನ್ನು ವಿಚಾರಿಸುವಂತೆ ವಿಚಾರಿಸುವರು. ಮನೆಯಲ್ಲಿ ಅವರ ಯಜಮಾನರು, "ನಮ್ಮಾಕಿಗೆ ಹೊಸಾ ಮಾವ ಸಿಕ್ಕಾನ್ರೀ, ಸೆರಗ ಹೊದಿಯೂದೊಂದ ಬಾಕಿ," ಎಂದು ಚೇಷ್ಟೆ ಮಾಡುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು, ಅಕ್ಕನೂ ನಗುತ್ತಿದ್ದರು. ನನಗೆ ಮಾತ್ರ ಆ ತಿರುವು ಹತ್ತಿರವಾದಂತೆಲ್ಲ ಬೆನ್ನು ತಣ್ಣಗಾಗುತ್ತಿತ್ತು. ಹುಣಸೆಮರದ ಬಳಿ ಅಕ್ಕ ತುಳಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದರು. ಯಾರೋ ಕರೆಯುತ್ತಾರೆ ಎಂದು ಕಾಯುವವರ ಹಾಗೆ...

"ಅಕ್ಕಾ, ಮುಂದಿನ ವಾರ ಸರ್ಜಾಪುರದ ಕಡೆ ಹೋಗೋಣ," ಎಂದೆ ಒಂದು ಸಲ. "ನೀ ಹೋಗು ತಮ್ಮಾ," ಎಂದರು. ಮಾತು ಅಲ್ಲಿಗೇ ಮುಗಿಯಿತು.

ಅಷ್ಟರಲ್ಲಿ ಹೊಳೆಯ ದಡದಲ್ಲಿ ಹೊಸ ಲೇಔಟಿನ ಕಲ್ಲುಗಳು ಎದ್ದವು. ಕಲ್ಲಿನ ಹಿಂದೆಯೇ ಉದ್ದಕ್ಕೂ ತಂತಿಬೇಲಿ ಬಂತು. ಆನೆ ನಡೆದದ್ದೇ ದಾರಿ ಎನ್ನುವುದು ಆಫೀಸಿನಲ್ಲಿ ಮ್ಯಾನೇಜರನ ಬಗ್ಗೆ ನಾವು ಆಡಿಕೊಳ್ಳುತ್ತಿದ್ದ ಗಾದೆ. ಆ ದಾರಿಗೇ ಯಾರಾದರೂ ಬೇಲಿ ಹಾಕಿದರೆ ಏನಾಗುತ್ತದೆ ಎಂದು ಗಾದೆಯಲ್ಲಿ ಇಲ್ಲ. ತೋಟದಮ್ಮನಿಗೆ ಗೊತ್ತಿತ್ತು. "ಬರಾಕೆ ಮೇಲ್ಗಡೆ ದಾರಿ ಅದೆ, ನೀರಿಗೆ ಇಳಿಯಾಕೆ ಇಲ್ಲ. ರಸ್ತೆ ಮ್ಯಾಲೇ ಸುತ್ತಾಡ್ತಾವ್ರೆ. ಸಿಟ್ಟಲ್ಲವ್ರೆ," ಎಂದು ನಮ್ಮಿಬ್ಬರಿಗೂ ಹೇಳಿದರು. ಅಕ್ಕ ಸುಮ್ಮನೆ ಬೇಲಿಯ ಕಡೆ ನೋಡಿದರು. "ಪಾಪ," ಎಂದರು, ಅಷ್ಟೇ.

ಆಮೇಲಿನ ಭಾನುವಾರ ನನಗೆ ಆಫೀಸಿನ ಕೆಲಸ ಬಿದ್ದಿತ್ತು. ಬಿಸಿಲೇರಿದ ಮೇಲೆ ಅವರ ಯಜಮಾನರು ನನ್ನ ಮನೆಯ ಬಾಗಿಲು ತಟ್ಟಿದರು. ಕೈಯಲ್ಲಿ ಒಗ್ಗರಣೆ ಸೌಟು ಹಾಗೇ ಇತ್ತು. "ಆಕಿ ನಿನ್ನ ಕೂಡ ಇಲ್ಲೇನು?" ಎಂದು ಕೇಳಿದರು. ಇಬ್ಬರೂ ಕಾರು ಹತ್ತಿದೆವು. ದಾರಿಯುದ್ದಕ್ಕೂ ಅವರು ಫೋನ್ ಮಾಡುತ್ತಲೇ ಇದ್ದರು. ಆ ತಮಿಳು ಹೆಂಗಸಿನ ದನಿ ಕಾರಿನ ತುಂಬ ಕೇಳಿಸುತ್ತಿತ್ತು.

ತಿರುವಿನಲ್ಲಿ ಜನ ಸೇರಿದ್ದರು. ಮೊದಲು ಕಣ್ಣಿಗೆ ಬಿದ್ದದ್ದು ಸೈಕಲ್ಲು. ಹುಣಸೆಮರಕ್ಕೆ ಜೋಪಾನವಾಗಿ ಒರಗಿಸಿಟ್ಟಿತ್ತು. ಹ್ಯಾಂಡಲ್ಲಿಗೆ ಹೆಲ್ಮೆಟ್ಟು ತೂಗುಹಾಕಿತ್ತು, ಹೆಲ್ಮೆಟ್ಟಿನೊಳಗೆ ಮಡಿಸಿಟ್ಟ ಕೈಗವಸು. ಸೈಕಲ್ಲಿಗೆ ಒಂದು ಗೀರೂ ಆಗಿರಲಿಲ್ಲ. ಅದನ್ನು ನೋಡಿದ ಆ ಒಂದು ಕ್ಷಣ ಅಕ್ಕ ಬದುಕಿದ್ದಾರೆ ಎಂದೇ ನಂಬಿದ್ದೆ... ಆಮೇಲೆ ರಸ್ತೆಯ ಅಂಚಿನಲ್ಲಿ ತೋಟದಮ್ಮನ ಮನೆಯ ಕರಿ ಕಂಬಳಿ ಕಂಡಿತು. ಅದರ ಪಕ್ಕದಲ್ಲಿ ತೋಟದಮ್ಮ ಕುಕ್ಕರಗಾಲಲ್ಲಿ ಕೂತಿದ್ದರು.

ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ರಸ್ತೆಯನ್ನೂ ಸೈಕಲ್ಲನ್ನೂ ನೋಡಿ ನೋಡಿ ತಡೆಯಲಾರದೆ ಕೇಳಿದರು: "ಯಾಕ್ ಸಾರ್ ಇಳಿದ್ರು? ಮುಂದೆ ಇಳಿಜಾರು ಇತ್ತಲ್ಲ. ತುಳಿದಿದ್ರೆ ತಪ್ಪಿಸ್ಕೋಬೋದಿತ್ತು."

ಅಕ್ಕನ ಯಜಮಾನರು ಕಂಬಳಿಯ ಮೇಲಿನ ಕಣ್ಣು ತೆಗೆಯದೆ ಹೇಳಿದರು: "ನಮ್ಮ ಕಡೆ ಇಳೀತಾರ್ರೀ. ದೊಡ್ಡವರು ಎದುರಿಗೆ ಬಂದ್ರ ಇಳೀತಾರ."

ಅದಾಗಿ ಕೆಲವು ತಿಂಗಳಿಗೆ ಅವರು ಮನೆ ಖಾಲಿ ಮಾಡಿ ಊರಿಗೆ ಹೋದರು. ನಾನು ಸೈಕಲ್ಲನ್ನು ಮೂಲೆಗೆ ತಳ್ಳಿದೆ. ಅಕ್ಕನ ಮೇಲೆ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ಬದುಕಿಡೀ ಇಳಿದು ಇಳಿದು ಸಾಕಾಗಿದ್ದ ಹೆಂಗಸು, ಇಳಿಯಬಾರದ ಒಂದೇ ಒಂದು ಕಡೆ ಯಾಕೆ ಇಳಿದರು? ಎದುರಿಗೆ ಸಿಕ್ಕರೆ ಜಗಳ ಆಡಬೇಕು ಅನ್ನಿಸುತ್ತದೆ. ಜಗಳ ಆಡಲಿಕ್ಕಾದರೂ ಒಮ್ಮೆ ಸಿಗಬಾರದೇ ಅನ್ನಿಸುತ್ತದೆ.

ಲಿಫ್ಟಿನ ಆ ವಾಸನೆ ನನ್ನನ್ನು ಬಿಡಲಿಲ್ಲ. ಭಾನುವಾರ ಸೈಕಲ್ಲಿಗೆ ಗಾಳಿ ಹಾಕಿ ಹೊರಟೆ. ಕಣಿವೆಯಲ್ಲಿ ಚಪ್ಪರಗಳು ಮೊದಲಿನಷ್ಟಿಲ್ಲ. ಅರ್ಧಕ್ಕರ್ಧ ಕಲ್ಲುಕಂಬಗಳು ಬರಿದಾಗಿ ನಿಂತಿದ್ದವು. ತಂತಿಬೇಲಿ ಹೊಳೆಯುದ್ದಕ್ಕೂ ಬೆಳೆದಿತ್ತು. ತಿರುವಿಗೆ ಮುಂಚೆ ಆನೆಯ ಚಿತ್ರದ ಹಳದಿ ಬೋರ್ಡೊಂದನ್ನು ನೆಟ್ಟಿದ್ದರು. ಯಾರೋ ಅದರ ಕಂಬವನ್ನು ಬಗ್ಗಿಸಿ ನೆಲಕ್ಕೆ ಮುಟ್ಟಿಸಿದ್ದರು. ಯಾರು ಎಂದು ಈಗ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಹಕ್ಕಿಗಳ ಸದ್ದಿಗೆ ಕಿವಿಗೊಟ್ಟೆ. ಇತ್ತೋ ಇಲ್ಲವೋ, ನನ್ನ ಉಸಿರಿನಲ್ಲಿ ತಿಳಿಯಲಿಲ್ಲ.

ಹುಣಸೆಮರದ ಬುಡದಲ್ಲಿ ತೋಟದಮ್ಮ ಇದ್ದರು. ತುಂಬ ಬಡವಾಗಿದ್ದರು, ನನ್ನ ಗುರುತು ಮಾತ್ರ ತಕ್ಷಣ ಹಿಡಿದರು. ಆ ಬೆಳೆಯ ಮೊದಲ ಗೊಂಚಲನ್ನು ಎಲೆಯ ಸಮೇತ ಕಿತ್ತು ತಂದು ಬೇರಿನ ಮೇಲೆ ಇಡುತ್ತಿದ್ದರು. ಅದೇ ವಾಸನೆ.

"ಯಾರಿಗಮ್ಮ?" ಎಂದೆ.

"ದೊಡ್ಡೋರ್ಗೆ," ಎಂದರು.

ಯಾವ ದೊಡ್ಡವರಿಗೆ ಎಂದು ನಾನು ಕೇಳಲಿಲ್ಲ. ಮುಂದೆ ಆ ಉದ್ದನೆಯ ಇಳಿಜಾರು ಖಾಲಿ ಬಿದ್ದಿತ್ತು. ಯಾವಾಗ ಇಳಿದೆನೋ ಗೊತ್ತಿಲ್ಲ, ನಾನು ಸೈಕಲ್ಲನ್ನು ಮರಕ್ಕೆ ಒರಗಿಸಿ, ಹೆಲ್ಮೆಟ್ಟು ತೆಗೆದು ನಿಂತಿದ್ದೆ.