ಅಶ್ವತ್ಥಪ್ಪನ ದೊಡ್ಡ ಪಿಟೀಲು

ಅಶ್ವತ್ಥಪ್ಪ ಮಾಮೂಲ್‌ಪೇಟೆ ಬಿಟ್ಟು ಮಲ್ಲೇಶ್ವರಕ್ಕೆ ಬಂದಾಗ ಮನೆಯ ಸಾಮಾನೆಲ್ಲ ಒಂದು ಗಾಡಿಯಲ್ಲಿ ಬಂತು, ಅವನ ಪಿಟೀಲು ಇನ್ನೊಂದು ಗಾಡಿಯಲ್ಲಿ. ಇದು ಭುಜದ ಮೇಲಿಡುವ ಪಿಟೀಲಲ್ಲ. ದಂಡಿನವರು, ಅಂದರೆ ಕಂಟೋನ್ಮೆಂಟಿನ ಬಿಳಿಯರು, ಡಬಲ್ ಬೇಸ್ ಎನ್ನುತ್ತಿದ್ದ ಆ ವಾದ್ಯ ನಿಲ್ಲಿಸಿದರೆ ಆಳಿಗಿಂತ ಎತ್ತರ. ಮಲಗಿಸಿದರೆ ಬಾಣಂತಿಯೂ ಕೂಸೂ ಅದರೊಳಗೆ ಒಂದು ಮಳೆಗಾಲ ಕಳೆಯಬಹುದು. ಮೊದಲ ದಿನ ಅವನು ದಪ್ಪ ತಂತಿಯ ಮೇಲೆ ಕಮಾನು ಎಳೆದಾಗ ಶೇಷಾದ್ರಿಪುರದಲ್ಲಿ ಜನ ರೈಲು ಬಂತೆಂದು ಗಂಟುಮೂಟೆ ಹೊತ್ತು ಓಡಿದರು. ಪಕ್ಕದ ಮನೆಯವನಾದ ನನಗಂತೂ ಲಾಭವೇ ಆಯಿತು. ಮೊಸರಿನ ಗಡಿಗೆಯನ್ನು ಗೋಡೆಗೆ ಒರಗಿಸಿಟ್ಟರೆ ಬೆಣ್ಣೆ ತಾನಾಗಿ ತೇಲುತ್ತಿತ್ತು.

ಅಶ್ವತ್ಥಪ್ಪನ ಮನೆಯವರದು ತರಕಾರಿ ವ್ಯಾಪಾರ. ದಂಡಿನ ಒಂದು ಕ್ಲಬ್ಬಿಗೆ ಅವನು ಕುಂಬಳಕಾಯಿ ಹೊತ್ತು ಹಾಕುತ್ತಿದ್ದ. ಪ್ಲೇಗು ಬಂದ ವರ್ಷ ಅಲ್ಲಿನ ಬ್ಯಾಂಡಿನಲ್ಲಿ ಈ ವಾದ್ಯ ನುಡಿಸುವವನು ತೀರಿಕೊಂಡ. ಕೈಗೊಂದರಂತೆ ಎರಡು ಕುಂಬಳವನ್ನು ನಿಂಬೆಹಣ್ಣಿನ ಹಾಗೆ ಹಿಡಿದು ನಿಂತಿದ್ದ ಇವನ ಬೆರಳುಗಳನ್ನು ನೋಡಿ ಬ್ಯಾಂಡ್ ಮೇಷ್ಟ್ರು ಇವನನ್ನೇ ಹಿಡಿದು ಬ್ಯಾಂಡಿಗೆ ಹಾಕಿಕೊಂಡರು. ಹದಿನಾರು ವರ್ಷ ನುಡಿಸಿದ.

ಅವನ ಹೆಂಡತಿ ಪಿಳ್ಳಮ್ಮನಿಗೆ ಆ ಕ್ಲಬ್ಬಿನ ಗೇಟು ದಾಟುವ ಹಾಗಿರಲಿಲ್ಲ. ಅವಳಿಗೆ ಕೇಳಿಸಿದ್ದೆಲ್ಲ ಮನೆಯಲ್ಲಿ ಅವನು ಮಾಡುತ್ತಿದ್ದ ಸಾಧನೆ. ಡಬಲ್ ಬೇಸಿಗೆ ತನ್ನದೇ ಹಾಡು ಅಂತ ಇಲ್ಲ. ಉಳಿದವರು ಮೇಲೆ ಹಾಡು ನುಡಿಸಿದರೆ ಇದು ಕೆಳಗೆ ಚಾಪೆ ಹಾಸುತ್ತದೆ. ಪಿಳ್ಳಮ್ಮ ಹದಿನಾರು ವರ್ಷ ಬರೀ ಚಾಪೆಯನ್ನೇ ಕೇಳಿದಳು.

"ಇದರ ಮೇಲೆ ಏನ್ ಬರುತ್ತೆ ರೀ?"

"ಬ್ಯಾಂಡು ಬರುತ್ತೆ."

"ಅದು ಹೆಂಗಿರುತ್ತೆ?"

"ಚೆನ್ನಾಗಿರುತ್ತೆ."

ಅಷ್ಟೇ ವಿವರ. ಒಂದು ಸಲ, ಒಂದೇ ಒಂದು ಸಲ ಆ ಮೇಲಿನದನ್ನು ಕೇಳಬೇಕೆಂಬುದು ಅವಳ ಆಸೆ. ಬೇರೆ ಹೆಂಗಸರು ಕಾಶಿಯನ್ನು ನೆನೆಯುವ ಹಾಗೆ ಅವಳು ಅದನ್ನು ನೆನೆಯುತ್ತಿದ್ದಳು.

ಹದಿನಾಲ್ಕನೇ ಇಸವಿಯಲ್ಲಿ ಯುದ್ಧ ಶುರುವಾಯಿತು. ಬ್ಯಾಂಡಿನವರೆಲ್ಲ ಹಡಗು ಹತ್ತಿದರು. ಡಬಲ್ ಬೇಸ್ ಏರಿಸಿದರೆ ಹಡಗು ವಾಲುತ್ತದೆಂದೋ ಏನೋ, ಅದನ್ನೂ ಅಶ್ವತ್ಥಪ್ಪನನ್ನೂ ಇಲ್ಲೇ ಬಿಟ್ಟರು. ಈಗ ಮೇಲಿನದು ಅವನ ತಲೆಯೊಳಗೆ ಮಾತ್ರ ಉಳಿಯಿತು.

"ಈಗಲಾದ್ರೂ ಹಾಡಿ ತೋರಿಸ್ರೀ," ಎಂದಳು ಪಿಳ್ಳಮ್ಮ.

ಹಾಡಲು ಹೋದ. ಬಾಯಿ ತೆರೆದರೆ ಕಮಾನು ನಿಲ್ಲುತ್ತಿತ್ತು, ಕಮಾನು ಎಳೆದರೆ ಬಾಯಿ ಮುಚ್ಚುತ್ತಿತ್ತು. ಕೊನೆಗೆ, "ಕೆಳಗಿಂದು ನೀನು ಹಿಡ್ಕೋ, ಮೇಲಿಂದು ನಾನು ಹಾಡ್ತೀನಿ," ಎಂದ. ಹೀಗೆ ಪಾಠ ಶುರುವಾಯಿತು.

ಆ ಪಾಠ ಗೋಡೆಯಾಚೆಯಿಂದ ನನಗೂ ಆಗುತ್ತಿತ್ತು.

"ಅದಕ್ಕೆ ನೇತಾಡ್ಬೇಡ ಕಣೇ! ಸೊಂಟದ ಮೇಲೆ ಕೂಸು ಎತ್ಕೊಂಡಂಗೆ ಒರಗಿಸ್ಕೋ. ಹೆಬ್ಬೆರಳಲ್ಲಿ ಹಿಸುಕ್ತೀಯಲ್ಲ, ಬೆಂಡೆಕಾಯಿ ತುದಿ ಮುರೀತಿದೀಯಾ? ತೋಳು ಸಡಿಲ ಬಿಡು, ಅದರ ಭಾರವೇ ತಂತಿ ಒತ್ತುತ್ತೆ."

"ಸ್ವರ ಎಲ್ಲಿದೆ ಅಂತ ಹೆಂಗೆ ಗೊತ್ತಾಗ್ಬೇಕು?"

"ಮೊದ್ಲು ಬಾಯಲ್ಲಿ ಅನ್ನು, ಆಮೇಲೆ ಬೆರಳಿಡು. ಕೈ ನೋವು ಬಂದ್ರೆ ನಿಲ್ಸು. ನೋವಲ್ಲಿ ಕಲ್ತಿದ್ದು ನೋವನ್ನೇ ನುಡಿಸುತ್ತೆ."

ಮೂರನೆಯ ದಿನ ಶನಿವಾರ. ಕಮಾನಿನ ಕುದುರೆಕೂದಲು ಒಣಗಿ ಬಿಳಿ ಪುಡಿ ಉದುರಿಸುತ್ತಿರುವುದನ್ನು ಪಿಳ್ಳಮ್ಮ ನೋಡಿದಳು. ಅದಕ್ಕೆ ಹರಳೆಣ್ಣೆ ತಿಕ್ಕಿ, ಸೀಗೇಕಾಯಿ ಹಾಕಿ ತೊಳೆದು, ಮೇಲೆ ಒಂದಿಷ್ಟು ಕೊಬ್ಬರಿ ಎಣ್ಣೆಯನ್ನೂ ಸವರಿದಳು.

"ಕೂದ್ಲು ಅಂದ್ಮೇಲೆ ಎಣ್ಣೆ ಬೇಡ್ವಾ? ಹದಿನಾರು ವರ್ಷದಿಂದ ಹೊಟ್ಟು ಉದುರ್ತಿದೆ!"

"ಅದು ಹೊಟ್ಟಲ್ವೇ ಮಾರಾಯ್ತಿ, ರಾಳ! ಅದಿದ್ರೇನೇ ಕೂದ್ಲು ತಂತೀನ ಹಿಡಿಯೋದು!"

ಎಣ್ಣೆ ಕುಡಿದ ಕಮಾನು ತಂತಿಯ ಮೇಲೆ ಮೀನಿನಂತೆ ಜಾರಿತು, ಸದ್ದೇ ಇಲ್ಲ. ಬಿಳಿ ಕುದುರೆಯ ಬಾಲದಿಂದ ಹೊಸ ಕೂದಲು ಹೊಂದಿಸಲು ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಮಲ್ಲೇಶ್ವರದ ಬಿಳಿ ಕುದುರೆಗಳೆಲ್ಲ ಅಶ್ವತ್ಥಪ್ಪನನ್ನು ಕಂಡರೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದನ್ನು ಕಲಿತಿದ್ದವು.

ಅಲ್ಲಿಯವರೆಗೆ ಅವಳು ಬೆರಳಿನಲ್ಲೇ ಮೀಟಿ ಕಲಿತಳು. ಅದೇ ಒಳ್ಳೆಯದಾಯಿತು. ಕಮಾನು ಎಳೆದರೆ ತಡವಾಗಿ ಬಂದ ಸ್ವರವನ್ನೂ ಮುಚ್ಚಿಹಾಕಬಹುದು. ಮೀಟಿದರೆ ತಪ್ಪು ಬಾಗಿಲಲ್ಲೇ ಸಿಕ್ಕಿಬೀಳುತ್ತದೆ. ಈ ವಾದ್ಯ ಕಲಿಸುವವರು ಯಾರಾದರೂ ಇದ್ದರೆ ಮೊದಲೆರಡು ತಿಂಗಳು ಕಮಾನನ್ನು ಅಟ್ಟದ ಮೇಲಿಡಿ. ಎಣ್ಣೆ ಖರ್ಚು ಮಾಡಬೇಕಾಗಿಲ್ಲ.

ಹೊಸ ಕಮಾನು ಬಂತು. ಒಂದು ಸಂಜೆ ಪಿಳ್ಳಮ್ಮ ಕೆಳಗಿನದನ್ನು ಮೊದಲಿನಿಂದ ಕೊನೆಯವರೆಗೆ ಅಲುಗಾಡದೆ ಹಿಡಿದಳು. ಅಶ್ವತ್ಥಪ್ಪ ಗಂಟಲು ಸರಿಮಾಡಿಕೊಂಡು ಹಾಡಿದ. ಅವನ ಕಂಠಕ್ಕೆ ಹೆದರಿ ಹಾರಿದ ಕಾಗೆಗಳು ತುಮಕೂರಿನಲ್ಲಿ ಇಳಿದವಂತೆ. ಆದರೂ ಇವಳು ಎರಡನೆಯ ಸಲವೂ ನುಡಿಸಿ, ಪೂರಾ ಕೇಳಿ, ಕಮಾನು ಇಳಿಸಿದಳು.

"ಇದಲ್ಲ."

"ಯಾವುದಲ್ಲ?"

"ಮೇಲಿಂದು. ಇದಲ್ಲ ಕಣ್ರೀ."

"ಹದಿನಾರು ವರ್ಷ ಅದರ ಮಧ್ಯೆ ನಿಂತಿದ್ದೋನು ನಾನು ಕಣೇ!"

"ಇರಬೌದು. ಸೊಪ್ಪು ಬಿಡಿಸ್ತಾ ನನ್ ತಲೇಲಿ ಕೇಳಿಸ್ತಿದ್ದಿದ್ದು ಬೇರೆ."

ಗೋಡೆಯಾಚೆ ಪಿಟೀಲನ್ನು ನೆಲದ ಮೇಲೆ ಎಳೆದ ಸದ್ದು ಕೇಳಿತು. ಆಮೇಲೆ ಅವನು, "ಕೊಡಿಲ್ಲಿ ಕಮಾನು. ಹಾಡು," ಎಂದ.

"ಥೂ, ನಂಗೆ ನಾಚಿಕೆ. ನೀವು ಗೋಡೆ ಕಡೆ ತಿರುಗಿ."

ತಿರುಗಿದನೆಂದು ನನಗೆ ಗೊತ್ತಾಯಿತು. ಕಮಾನಿನ ಮೊದಲ ಎಳೆತಕ್ಕೇ ನನ್ನ ಗೋಡೆಯ ಸುಣ್ಣ ನನ್ನ ತಲೆಯ ಮೇಲೆ ಉದುರಿತು. ಅವಳ ದನಿ ಸಣ್ಣಗೆ ಎದ್ದಿತು. ಅದರಲ್ಲಿ ದಂಡಿನ ಬ್ಯಾಂಡೂ ಇರಲಿಲ್ಲ, ಭಜನೆಯೂ ಇರಲಿಲ್ಲ. ಅವನ ಒಂದೊಂದು ದಪ್ಪ ಸ್ವರದ ಮೇಲೂ ಕಾಲಿಟ್ಟು, ಹೊಳೆಯಲ್ಲಿ ಕಲ್ಲಿನಿಂದ ಕಲ್ಲಿಗೆ ದಾಟುವ ಹಾಗೆ ಹೋಯಿತು. ಎಲೆಗೆ ಸುಣ್ಣ ಹಚ್ಚುತ್ತಿದ್ದ ನಾನು ಸುಣ್ಣವನ್ನು ಅಂಗೈಗೇ ಹಚ್ಚಿಕೊಂಡು ಕೂತೆ. ಇದರಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆಯಿಲ್ಲ.

ಥಟ್ಟನೆ ದನಿ ನಿಂತಿತು.

"ಯಾಕೆ?" ಎಂದ ಅವನು.

"ಇಲ್ಲಿಂದ ಮುಂದೆ ನಂಗೆ ಬರಲ್ಲ. ದಿನಾ ಸಾಧನೇಲಿ ಈ ಜಾಗಕ್ಕೆ ಬಂದಾಗ ನೀವು ಕಮಾನಿಟ್ಟು ದಂಡಿಗೆ ಹೊರಟ್ಬಿಡ್ತಿದ್ರಿ."

ಅಶ್ವತ್ಥಪ್ಪ ಮುಂದಿನ ಸ್ವರವನ್ನು ಎಳೆದ, ಕಮಾನು ಮುಗಿಯುವವರೆಗೆ. ಅವಳು ಹಾಡಲಿಲ್ಲ. ಮತ್ತೆ ಅದನ್ನೇ, ಇನ್ನೂ ನಿಧಾನವಾಗಿ ಎಳೆದ.

"ತಡೀರಿ," ಎಂದಳು ಪಿಳ್ಳಮ್ಮ. "ಹುಡುಕ್ತಿದೀನಿ."