ಕೈ ಎತ್ತಿದರೆ ನಿಲ್ಲುವ ರೈಲು

ನಾನು ಚಿಕ್ಕವಳಿದ್ದಾಗ, ಮೈಸೂರಿನ ಕಾನ್ವೆಂಟ್ ಬಿಟ್ಟು ಚಿಕಾಗೊಗೆ ಬಂದು ಇನ್ನೂ ಆರು ತಿಂಗಳೂ ಆಗಿರದಾಗ, ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆಯಿತು. ಅಕ್ಕನಿಗೆ ಹತ್ತು ವರ್ಷ, ನನಗೆ ಎಂಟು. ವಾರ್ಡಿಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಹತ್ತು ದಿನ ನಾವು ಅಮ್ಮನ ಮುಖ ನೋಡಿರಲಿಲ್ಲ. ಕೊನೆಗೆ ಅಪ್ಪ ನರ್ಸ್ ಹತ್ತಿರ ಮಾತಾಡಿ ಒಂದು ಏರ್ಪಾಡು ಮಾಡಿದರು. ಭಾನುವಾರ ನಾಲ್ಕು ಗಂಟೆಗೆ ಅಮ್ಮ ಮೂರನೇ ಮಹಡಿಯ ಕಿಟಕಿಗೆ ಬಂದು ನಿಲ್ಲುವುದು, ನಾವು ಕೆಳಗೆ ಹುಲ್ಲಿನ ಮೇಲೆ ನಿಂತು ಕೈ ಬೀಸುವುದು.

ಅವತ್ತು ಬೆಳಗ್ಗೆ ಏಳಕ್ಕೇ ನಾವಿಬ್ಬರೂ ಶೂ ಹಾಕಿಕೊಂಡು ಕೂತುಬಿಟ್ಟೆವು. ನಾಲ್ಕರವರೆಗೆ ಇವರನ್ನು ಹೇಗೆ ಸುಧಾರಿಸುವುದು ಅಂತ ಅಪ್ಪನಿಗೆ ಯೋಚನೆಯಾಗಿರಬೇಕು. ಆಸ್ಪತ್ರೆಗೆ ಹೋಗುವ ರೈಲಿನ ದಾರಿಯಲ್ಲೇ ಒಂದು ಹಳೇ ಕಾಲದ ಪಾರ್ಕ್ ಇತ್ತು. ಅಲ್ಲಿಗೆ ಕರೆದುಕೊಂಡು ಹೋದರು.

ಪಾಳು ಬಿದ್ದಿದ್ದ ಕೆಂಪು ಇಟ್ಟಿಗೆಯ ಮನೆಗಳನ್ನು ರಿಪೇರಿ ಮಾಡಿ, ನೂರು ವರ್ಷದ ಹಿಂದೆ ಇದ್ದ ಹಾಗೇ ಅಲ್ಲಿ ಇಟ್ಟಿದ್ದರು. ಹೊಸ ಬಣ್ಣದ ವಾಸನೆಯ ಜೊತೆ ಸೌದೆ ಒಲೆಯ ಹೊಗೆ ಬರುತ್ತಿತ್ತು. ಪುಟ್ಟ ಸ್ಕೂಲಿನ ಡೆಸ್ಕುಗಳಲ್ಲಿ ಇಂಕಿನ ಬಾಟಲಿ ಇಡುವ ಗುಂಡಗಿನ ತೂತು. ನಮ್ಮ ಕಾನ್ವೆಂಟಿನಲ್ಲೂ ಹಾಗೇ ಇತ್ತು. ನಾನು ಆ ತೂತಿಗೆ ಬೆರಳು ಹಾಕಿ ಬಹಳ ಹೊತ್ತು ಕೂತಿದ್ದೆ. ಉದ್ದ ಲಂಗದ ಹೆಂಗಸೊಬ್ಬರು ಒಲೆಯಿಂದ ಬಿಸಿ ಬಿಸ್ಕತ್ತು ತೆಗೆದು ಕೊಟ್ಟರು. ಅಕ್ಕ ತನ್ನದನ್ನು ತಿನ್ನದೆ ಅಮ್ಮನಿಗೆಂದು ಕರ್ಚೀಫಿನಲ್ಲಿ ಕಟ್ಟಿಕೊಂಡಳು.

ಮೂರು ಗಂಟೆಗೆ ಸ್ಟೇಷನ್ನಿಗೆ ಬಂದೆವು. ಸ್ಟೇಷನ್ ಎಂದರೆ ಹಲಗೆಯ ಪ್ಲಾಟ್‌ಫಾರಂ, ಒಂದು ಬೆಂಚು, ಅಷ್ಟೇ. ಬೆಳಗ್ಗೆ ಅಲ್ಲಿ ಇಳಿದವರೂ ನಾವು ಮೂವರೇ. ಕಂಬದ ಮೇಲಿನ ಬೋರ್ಡನ್ನು ನಾನು ಮನಸ್ಸಿನಲ್ಲೇ ಓದಿದೆ. ರೈಲು ನಿಲ್ಲಬೇಕಾದರೆ ಡ್ರೈವರಿಗೆ ಕಾಣುವಂತೆ ಕೈ ಎತ್ತಿ ಅಂತ ಬರೆದಿತ್ತು. ಅಪ್ಪ ದೊಡ್ಡವರು, ಓದಿಯೇ ಇರುತ್ತಾರೆ ಅಂದುಕೊಂಡೆ.

ದೂರದಲ್ಲಿ ದೀಪ ಕಂಡಿತು. ಅಪ್ಪನಿಗೆ ಹಳಿ ಎಂದರೆ ವಿಪರೀತ ಭಯ. ನಮ್ಮನ್ನು ಬೆಂಚಿನ ಹಿಂದಕ್ಕೆ ಎಳೆದುಕೊಂಡು, ಒಂದು ಕೈಯಲ್ಲಿ ಅಕ್ಕನನ್ನೂ ಇನ್ನೊಂದರಲ್ಲಿ ನನ್ನನ್ನೂ ಗಟ್ಟಿಯಾಗಿ ಹಿಡಿದುಕೊಂಡರು. ಅವರ ಎರಡೂ ಕೈ ನಮ್ಮಲ್ಲೇ ಇದ್ದವು. ನನ್ನ ಒಂದು ಕೈ ಖಾಲಿ ಇತ್ತು. ಆದರೆ ಕಾನ್ವೆಂಟಿನಲ್ಲಿ ಸಿಸ್ಟರ್ ಕೇಳದೆ ಕೈ ಎತ್ತುವ ಹಾಗೇ ಇರಲಿಲ್ಲ. ಇಲ್ಲಿ ಯಾರೂ ಕೇಳಲಿಲ್ಲ.

ರೈಲು ಸ್ವಲ್ಪ ನಿಧಾನವಾಯಿತು. ಡ್ರೈವರ್ ನಮ್ಮನ್ನು ನೋಡಿದ. ಮಕ್ಕಳಿಗೆ ರೈಲು ತೋರಿಸಲು ಬಂದಿದ್ದಾರೆ ಅಂದುಕೊಂಡನೋ ಏನೋ, ನಗುತ್ತಾ ಒಂದು ಸಲ ಕೂ ಎನಿಸಿ ಹೊರಟೇ ಹೋದ.

ಮುಂದಿನ ರೈಲು ಐದಕ್ಕೆ. ಅಪ್ಪ ಓಡಿ ಹೋಗಿ ಪಾರ್ಕಿನ ಆಫೀಸಿನಿಂದ ಆಸ್ಪತ್ರೆಗೆ ಫೋನ್ ಮಾಡಿದರು. ವಾರ್ಡಿನಲ್ಲಿ ಯಾರೂ ಎತ್ತಲಿಲ್ಲ. ಮತ್ತೆ ಬಂದು ಬೆಂಚಿನ ಮೇಲೆ ಕೂತೆವು. ಪಾರ್ಕಿನ ಗಡಿಯಾರ ನಾಲ್ಕು ಹೊಡೆಯಿತು. ಅಕ್ಕ ಕರ್ಚೀಫ್ ಬಿಚ್ಚಿ ನೋಡಿ ಮತ್ತೆ ಕಟ್ಟಿದಳು.

"ಅಪ್ಪಾ, ಕೈ ಎತ್ತಬೇಕು ಅಂತ ಬೋರ್ಡಲ್ಲಿತ್ತು," ಅಂದೆ.

ಅಪ್ಪ ಎದ್ದು ಹೋಗಿ ಬೋರ್ಡನ್ನು ನಿಧಾನವಾಗಿ ಓದಿದರು. "ಹೌದಲ್ಲಮ್ಮಾ," ಅಂದರು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಆಸ್ಪತ್ರೆ ಸೇರುವಾಗ ಆರಾಗಿತ್ತು. ಕಿಟಕಿಯ ಪರದೆ ಮುಚ್ಚಿತ್ತು. ನಮ್ಮನ್ನು ಕೆಳಗೆ ಕೂರಿಸಿ ಅಪ್ಪ ಒಬ್ಬರೇ ಮೇಲೆ ಹೋಗಿ ಬಂದರು. ಮನೆ ಹತ್ತಿರ ಬಂದಮೇಲೆ ಹೇಳಿದರು: ನಾಲ್ಕು ಗಂಟೆಗೆ ಹುಲ್ಲಿನ ಮೇಲೆ ಯಾರದೋ ಇಬ್ಬರು ಹುಡುಗಿಯರು ನಿಂತಿದ್ದರಂತೆ. ಕನ್ನಡಕವಿಲ್ಲದ ಅಮ್ಮ, ಹೊಲಿಗೆಯ ನೋವಿನಲ್ಲೇ, ಅವರನ್ನೇ ನಾವು ಅಂದುಕೊಂಡು ಸಾಕಾಗುವಷ್ಟು ಕೈ ಬೀಸಿದ್ದಳು.

"ಕೆಂಪು ಟೋಪಿ ಯಾವಾಗ ಕೊಡಿಸಿದ್ರಿ, ಚೆನ್ನಾಗಿ ಒಪ್ಪತ್ತೆ ಮಕ್ಕಳಿಗೆ, ಅಂದಳು. ನಾನು ಹೂಂ ಅಂದುಬಿಟ್ಟೆ," ಅಂದರು ಅಪ್ಪ.

ಮಾರನೆಯ ದಿನ ಅವರು ಎರಡು ಕೆಂಪು ಟೋಪಿ ತಂದರು. ಅಮ್ಮ ಮನೆಗೆ ಬಂದಾಗ ನಾವು ಅವನ್ನು ಹಾಕಿಕೊಂಡೇ ಬಾಗಿಲು ತೆಗೆದೆವು. ನಿಜವನ್ನು ಯಾರೂ ಹೇಳಲಿಲ್ಲ.

ಈಗ ನೋಡಿ ಮಕ್ಕಳೇ, ನಿಮ್ಮಮ್ಮ ಆಫೀಸಿನಿಂದಲೇ ಫೋನಿನಲ್ಲಿ ಮುಖ ತೋರಿಸುತ್ತಾಳೆ. ರೈಲು ಎಲ್ಲಿದೆ ಅಂತಲೂ ಫೋನೇ ಹೇಳುತ್ತದೆ. ಮೊನ್ನೆ ಅರೋರಾದ ನಿಮ್ಮ ಮನೆಯಿಂದ ಅದೇ ಪಾರ್ಕಿಗೆ ಹೋಗಿ, ವಾಪಸ್ ಬರಲು ಆ ಪ್ಲಾಟ್‌ಫಾರಂನಲ್ಲೇ ನಿಂತಿದ್ದಾಗ ನೀವಿಬ್ಬರೂ ನನ್ನ ನೋಡಿ ನಕ್ಕಿರಿ. "ಅಜ್ಜಿ, ಸ್ಟಿಲ್ ಫೋರ್ ಮಿನಿಟ್ಸ್," ಅಂದಿರಿ. ಹೌದು, ನಾಲ್ಕು ನಿಮಿಷ ಇತ್ತು. ನಿಮ್ಮಲ್ಲಿ ಚಿಕ್ಕವನನ್ನು ಒಂದೇ ಕೈಯಲ್ಲಿ ಹಿಡಿದುಕೊಂಡಿದ್ದೆ. ರೈಲು ಇನ್ನೂ ಕಂಡೇ ಇರಲಿಲ್ಲ. ನನ್ನ ಇನ್ನೊಂದು ಕೈ ಆಗಲೇ ಮೇಲಿತ್ತು.